ಪುಣೆಯಲ್ಲಿ ಇಳಿಸಿದ ಮೋಟಾರು

ಹುಕ್ಕೇರಿಯ ಹತ್ತಿ ವ್ಯಾಪಾರಿ ದುಂಡಪ್ಪ ೧೯೩೬ರಲ್ಲಿ ಮುಂಬಯಿಯಿಂದ ಇಬ್ಬರೇ ಕೂರುವ ರೇಸಿನ ಮೋಟಾರು ಕೊಂಡ. ಹೆಂಡತಿ ಪಾರವ್ವ ಘಾಟಿಗೆ ಅಂಜುತ್ತಾಳೆಂದು ಅದನ್ನು ಊರಿಗೆ ಹತ್ತಿರದ ಗೋಕಾಕ ರೋಡ್ ಸ್ಟೇಷನ್ನಿಗೆ ರೈಲಿನಲ್ಲಿ ಹೇರಿಸಿ, ಅವಳ ಜೊತೆ ತಾನೂ ಅದೇ ರೈಲು ಹತ್ತಿದ. ಆದರೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಪ್ರತಿ ಸ್ಟೇಷನ್ನಿನಲ್ಲೂ ಇಳಿದೋಡಿ ಮೋಟಾರಿಗೆ ಬಿಗಿದ ಹಗ್ಗ ಮುಟ್ಟಿ ನೋಡಿ ಬರುತ್ತಿದ್ದ.

ಪುಣೆಯಲ್ಲಿ ಸಣ್ಣ ಹಳಿಯ ರೈಲಿಗೆ ಸಾಗಿಸಲೆಂದು ಹಮಾಲರು ಅದನ್ನು ಕೆಳಗಿಳಿಸಿದಾಗ ಪಾರವ್ವ ಟ್ರಂಕು ಎತ್ತಿಕೊಂಡು ಎದ್ದಳು.

"ಇದನ್ನ ಹೊಡಕೊಂಡ ಹೋಗೂಣು ನಡೀರಿ."

"ನೀ ಘಾಟಕ್ಕ ಅಂಜತಿ," ಎಂದ ದುಂಡಪ್ಪ.

"ಘಾಟಿನ ಅಂಜಿಕಿ ಒಂದ ತಾಸಿಂದು. ರೈಲನ್ಯಾಗ ಕುಂತ್ರ ನೀವು ಊರ ಮುಟ್ಟೂತನಾ ನನ್ನ ಜೀವಾ ತಿಂತೀರಿ."

ಮರುದಿನ ಮಧ್ಯಾಹ್ನ ಇಬ್ಬರೂ ಮೈತುಂಬ ಧೂಳು ಹೊತ್ತು ಹುಕ್ಕೇರಿ ಮುಟ್ಟಿದರು. ಮನೆಯ ಮುಂದೆ ದುಂಡಪ್ಪ ವೇಗ ತಗ್ಗಿಸಿ ಹೆಂಡತಿಯ ಮುಖ ನೋಡಿದ. ಅವಳು ಸೆರಗು ಬಿಗಿದುಕೊಂಡು, "ಮೂಡಲಗಿಗೆ ನಮ್ಮಕ್ಕನ ಮನಿಗೆ ಹೋಗಿ ಬರೂಣ್ರಿ," ಎಂದಳು.

ಮೋಟಾರು ನಿಲ್ಲದೆ ಮುಂದೆ ಹೋಯಿತು.