ಹತ್ತನೆಯ ದಿನದ ಮೊಹರು

ಮೈಸೂರು ಸೀಮೆಯಿಂದ ಇಂಗ್ಲಿಷರ ಕುಂಪಣಿ ಸೀಮೆಗೆ ನಾವು ಹೊತ್ತು ತಂದದ್ದು ಒಂದು ಬಾಣಲೆ, ಎರಡು ಜರಡಿ, ಒಂದು ಚೀಲ ಮರಳು. ಮರಳು ಯಾಕೆ ಎಂದು ಮಡಕಶಿರದ ಪ್ಲೇಗು ಠಾಣೆಯ ಜವಾನ ಕೇಳಿದ. ಪುರಿ ಹುರಿಯುವವರಿಗೆ ಮರಳೇ ಬಂಡವಾಳ. ಕಾದು ಕಾದು ಕಪ್ಪಾದ ಹಳೆಯ ಮರಳಿನಲ್ಲಿ ಅಕ್ಕಿ ಅರಳುವ ಹಾಗೆ ಹೊಸದರಲ್ಲಿ ಅರಳುವುದಿಲ್ಲ. ಇದನ್ನು ನನ್ನ ಗಂಡ ಮೂಡಲಗಿರಿಯಪ್ಪ ಬಿಡಿಸಿ ಹೇಳಬಹುದಿತ್ತು. ಆದರೆ ಸರ್ಕಾರದ ಡವಾಲಿ ಕಂಡರೆ ಅವನ ಬಾಯಿ ಒಣಗುತ್ತದೆ. ಕೊನೆಗೆ ನಾನೇ ಹೇಳಿದೆ. ಜವಾನ ಚೀಲದೊಳಗೆ ಮೊಣಕೈವರೆಗೂ ಕೈ ಹಾಕಿ ಕಲಸಿ ನೋಡಿ, ಏನೂ ಸಿಗದೆ, ರಹದಾರಿ ಚೀಟಿ ಕೊಡಿಸಿದ.

ಶಿರಾ ಕಡೆಯ ನಮ್ಮೂರಲ್ಲಿ ಆ ವರ್ಷ ಇಲಿ ಬಿದ್ದು, ಹಿಂದೆಯೇ ಜನ ಬಿದ್ದು, ಉಳಿದವರೆಲ್ಲ ಊರು ಬಿಟ್ಟು ಹೊಲದ ಗುಡಿಸಲು ಸೇರಿದ್ದರು. ಸಂತೆ ನಿಂತಿತ್ತು. ಹೊಟ್ಟೆಗೇ ಇಲ್ಲದವರು ಪುರಿ ಕೊಳ್ಳುತ್ತಾರೆಯೇ? ರಾಯದುರ್ಗಕ್ಕೆ ರೋಗ ಇನ್ನೂ ಕಾಲಿಟ್ಟಿಲ್ಲ, ಅಲ್ಲಿನವರು ಮೂರು ಹೊತ್ತೂ ಮಂಡಕ್ಕಿ ತಿನ್ನುತ್ತಾರೆ ಎಂದು ಯಾರೋ ಹೇಳಿದ್ದನ್ನು ನಂಬಿ ಹೊರಟುಬಂದೆವು. ಪುರಿಗೇ ಅಲ್ಲಿ ಮಂಡಕ್ಕಿ ಎನ್ನುವುದು.

ಬಂದದ್ದು ಪರರಾಜ್ಯಕ್ಕೆ, ಅದೂ ರೋಗದ ಸೀಮೆಯಿಂದ. ಹತ್ತು ದಿನ ದಿನವೂ ಚಾವಡಿಗೆ ಹೋಗಿ ಮುಖ ತೋರಿಸಬೇಕು. ಜ್ವರ, ಕಂಕುಳ ಗಡ್ಡೆ ಏನೂ ಇಲ್ಲದಿದ್ದರೆ ಹತ್ತನೆಯ ದಿನ ಗುಮಾಸ್ತ ಉಜ್ಜಿನಪ್ಪ ಚೀಟಿಗೆ ಮೊಹರು ಒತ್ತುತ್ತಾನೆ. ಆಮೇಲೆಯೇ ವ್ಯಾಪಾರ. ಅದಕ್ಕೂ ಮೊದಲು ಒಂದು ಪಾವು ಮಾರಿದರೂ ಗಡಿ ದಾಟಿಸುತ್ತೇನೆ ಎಂದು ಅವನು ಮೊದಲ ದಿನವೇ ಹೇಳಿದ್ದ.

ಬೆಟ್ಟದ ಬುಡದ ಓಣಿಯಲ್ಲಿ ಬೊಮ್ಮಕ್ಕ ಎಂಬ ಹೆಂಗಸು ತನ್ನ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟಳು. ಅಲ್ಲಿ ಮಣ್ಣು ತುಳಿದು ಒಲೆ ಹಾಕಿದೆ. ಹೊಸ ಒಲೆ ಬಿರಿಯಬಾರದೆಂದರೆ ಮೊದಲ ದಿನಗಳಲ್ಲಿ ಸಣ್ಣ ಬೆಂಕಿ ಆರದಂತೆ ಕಾಯಬೇಕು. ಕಾದೆ. ಹದ ನೋಡಲು ದಿನಕ್ಕೊಂದು ಬಾಣಲೆ ಹುರಿದೆ. ನಮ್ಮ ಪದ್ಧತಿಯಂತೆ ಮೊದಲ ಹಿಡಿ ಪುರಿಯನ್ನು ಗೋಡೆಯ ಮೂಲೆಯ ಇಲಿ ಬಿಲದ ಮುಂದೆ ಇಟ್ಟೆ.

ಬೊಮ್ಮಕ್ಕ ಅದನ್ನು ಕಂಡು ಎದೆ ಬಡಿದುಕೊಂಡಳು. "ಯವ್ವಾ, ಇಲಿಗಿ ಉಣ್ಣಾಕ ಇಡತೀಯೇನ? ನಿಮ್ಮ ಸೀಮ್ಯಾಗ ಹಿಂಗ ಮಾಡತಾರೇನು?"

"ನಮ್ ಕಡೆ ಹಿಂಗೇ ಕಣಕ್ಕ. ಅದ್ರ ಪಾಲು ಅದಕ್ಕೆ ಕೊಟ್ರೆ ಚೀಲ ಕಡಿಯಾಕಿಲ್ಲ" ಎಂದೆ.

ಅಷ್ಟು ಸಾವು ಕಂಡು ಬಂದವಳಿಗೆ ಬುದ್ಧಿ ಎಲ್ಲಿ ಹೋಗಿತ್ತು ಎಂದು ನೀವು ಬೈಯಬಹುದು. ಸತ್ತ ಇಲಿಗೆ ಹೆದರಬೇಕೆಂದು ನಮಗೆಲ್ಲ ಗೊತ್ತಿತ್ತು. ಬದುಕಿದ ಇಲಿಗೆ ಹೆದರಬೇಕೆಂದು ಯಾರೂ ಹೇಳಿರಲಿಲ್ಲ. ದಿನವೂ ಇಟ್ಟೆ, ದಿನವೂ ಖಾಲಿಯಾಯಿತು, ನಮ್ಮ ಚೀಲಕ್ಕೆ ಒಂದು ತೂತೂ ಬೀಳಲಿಲ್ಲ. ಓಣಿಯ ಇಲಿಗಳೆಲ್ಲ ನಮ್ಮ ಗೋಡೆಗೆ ಬಂದು ಸೇರಿಕೊಂಡವೋ ಏನೋ, ಅಟ್ಟದ ಮೇಲೆ ಹಗಲೂ ಓಡಾಟ ಕೇಳುತ್ತಿತ್ತು. ನಾನು ಅದನ್ನೇ ಶುಭವೆಂದು ಎಣಿಸಿದೆ.

ಒಂಬತ್ತನೆಯ ದಿನ ಬೆಳಿಗ್ಗೆ ಪುರಿ ಇಟ್ಟ ಹಾಗೇ ಇತ್ತು. ಅದರ ಪಕ್ಕದಲ್ಲಿ ಇಲಿ ಅಂಗಾತ ಬಿದ್ದಿತ್ತು.

ಮೂಡಲಗಿರಿಯಪ್ಪ ಇಣುಕಿ ನೋಡಿದವನೇ ಕಂಬಳಿ ಸುತ್ತತೊಡಗಿದ.

"ಎಲ್ಲಿಗೆ?" ಎಂದೆ.

"ಊರಿಗೆ. ಇವ್ರು ನಮ್ಮನ್ನ ಜೀವಸಹಿತ ಸುಟ್ಟಾಕ್ತಾರೆ ಕಣಮ್ಮಿ. ಮೈಸೂರೋರು ಮಾರಿ ತಂದ್ರು ಅಂತಾರೆ."

"ಓಡೋದ್ರೆ ಇನ್ನೂ ಜೋರಾಗಿ ಅಂತಾರೆ. ಒಂದೇ ಒಂದು ದಿನ. ಬಾಯ್ಮುಚ್ಕೊಂಡು ಕೂತ್ಕೋ."

ಇಕ್ಕಳದಲ್ಲಿ ಹಿಡಿದು ಒಲೆಗೆ ಹಾಕಿದೆ. ರೋಮ ಸುಟ್ಟ ವಾಸನೆ ಎದ್ದಿತು. ಅದನ್ನು ಮುಚ್ಚಲು ಒಂದು ಹಿಡಿ ಒಣಮೆಣಸಿನಕಾಯಿ ಹಾಕಿ ಇಬ್ಬರೂ ಕೆಮ್ಮಿ ಸತ್ತೆವು. ಆ ಹಗಲೆಲ್ಲ ಯಾರು ಬಾಗಿಲ ಮುಂದೆ ನಿಂತರೂ ಒಲೆಗೆ ಅಡ್ಡವಾಗಿ ಹೋಗಿ ನಿಲ್ಲುತ್ತಿದ್ದೆ. ಗಳಿಗೆಗೊಂದು ಸಲ ನನ್ನ ಕಂಕುಳನ್ನು ನಾನೇ ಮುಟ್ಟಿ ನೋಡಿಕೊಂಡೆ. ಚಾವಡಿಯಲ್ಲಿ ಉಜ್ಜಿನಪ್ಪ "ಯಾಕಮ್ಮ, ಬೆವರಾಕತ್ತಿ?" ಎಂದಾಗ ಒಲೆಯ ಮುಂದಿನಿಂದ ಬಂದೆ ಎಂದು ಸುಳ್ಳು ಹೇಳಿದೆ. ಒಂದು ಇಲಿ ಸತ್ತರೆ ಏನು, ಇಲಿ ಸಾಯುವುದೇ ಇಲ್ಲವೇ ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ನಂಬಲಿಲ್ಲ.

ಮಾರನೆಯ ಬೆಳಿಗ್ಗೆ ನಾವು ಚಾವಡಿಗೆ ಹೊರಡುವ ಹೊತ್ತಿಗೆ ಬೊಮ್ಮಕ್ಕ ಒಳಬಂದು ಬಾಗಿಲು ಹಾಕಿಕೊಂಡಳು. ಕೈಯಲ್ಲಿ ಮೊರ, ಮೊರದ ಮೇಲೆ ಬಟ್ಟೆ. ಬಟ್ಟೆ ಸರಿಸಿದಳು. ಮೂರು ಇಲಿ ಇದ್ದವು.

"ನಮ್ಮ ಅಟ್ಟದಾಗ ಬಿದ್ದಿದ್ವು. ನಿನ್ನಿ ನಿನ್ನ ಒಲ್ಯಾಗಿನ ವಾಸನಿ ನನಗೂ ಬಂತವಾ. ನಾ ಯಾರಿಗೂ ಹೇಳಿಲ್ಲ. ನೀನೂ ಹೇಳಬ್ಯಾಡ. ಇವ್ನೂ ಹಾಕಿಬಿಡು."

"ಅಕ್ಕಾ, ಇದು ಅದೇ ರೋಗ. ನಾನು ಕಂಡಿವ್ನಿ. ಇಲಿ ಬಿದ್ದ ವಾರದಾಗೇ ಜನ ಬೀಳ್ತಾರೆ. ಊರು ಬಿಡಬೇಕು."

ಅವಳು ಒಳಮನೆಯ ಕಡೆ ತಿರುಗಿ ನೋಡಿದಳು. "ಸೊಸಿ ಹಡದು ಆರು ದಿನ. ಹಸಿ ಬಾಣಂತಿನ್ನ, ಕೂಸಿನ್ನ ಬಯಲಾಗಿನ ಗುಡಿಸಲಿಗೆ ಹೆಂಗ ಒಯ್ಯಲಿ? ಗಾಳಿ ಬಡದರ ಅಲ್ಲೇ ಸಾಯತಾವ. ನಿನ್ನ ಕಾಲ ಹಿಡೀತೀನಿ."

ನನಗೆ ಇರಲು ಜಾಗ ಕೊಟ್ಟವಳು ನನ್ನ ಕಾಲ ಹತ್ತಿರ ಬಗ್ಗಿದಳು. ನಾನು ಅವಳ ಭುಜ ಹಿಡಿದು ಎತ್ತಿದೆ. ಅವಳೇ ಮೊರವನ್ನು ಒಲೆಯ ಬಾಯಿಗೆ ಕೊಡವಿದಳು. ಒಳಗಿನಿಂದ ಕೂಸು ಅಳುವುದು ಕೇಳಿ ಓಡಿದಳು.

ಚಾವಡಿಯಲ್ಲಿ ಸಾಲು ಉದ್ದವಿತ್ತು. ನಮ್ಮ ಸರದಿ ಬಂದಾಗ ಉಜ್ಜಿನಪ್ಪ ನಮ್ಮಿಬ್ಬರ ಮುಖ ನೋಡಿ, ಹೆಚ್ಚೇನೂ ಕೇಳದೆ, ಠಪ್ ಎಂದು ಮೊಹರು ಒತ್ತಿದ. "ಮುಗೀತು. ಇನ್ನ ನೀವು ಈ ಊರವ್ರ ಅಂತ ತಿಳ್ಕೋರಿ. ಮಂಡಕ್ಕಿ ಚಲೋ ಮಾಡ್ರಿ" ಎಂದು ನಕ್ಕ. ಹತ್ತು ದಿನದಲ್ಲಿ ಮೊದಲ ಸಲ ಮೂಡಲಗಿರಿಯಪ್ಪನ ಮುಖ ಅರಳಿತು. ಚೀಟಿಯನ್ನು ಕಣ್ಣಿಗೊತ್ತಿಕೊಂಡು ಪಂಚೆಯ ಗಂಟಿಗೆ ಸೇರಿಸಿದ.

ನಾನು ಮೆಟ್ಟಿಲು ಇಳಿಯಬೇಕಿತ್ತು. ಇಳಿಯಲಿಲ್ಲ. ನಮ್ಮೂರಲ್ಲಿ ನನ್ನ ಅಕ್ಕನ ಮನೆಯಲ್ಲೂ ಹೀಗೇ ಇಲಿ ಬಿದ್ದಾಗ, ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ತಿಪ್ಪೆಗೆ ಎಸೆದಿದ್ದರು. ಆ ಮನೆಯಿಂದ ಒಂದೇ ವಾರದಲ್ಲಿ ಐದು ಹೆಣ ಹೊರಗೆ ಬಂದವು. ಅಕ್ಕ ಕೊನೆಯವಳು. ನೀರು ಕೇಳಿದಾಗ ನಾನು ಹತ್ತಿರ ಹೋಗಲಿಲ್ಲ, ಹೆದರಿದ್ದೆ. ಈಗಲೂ ಅದೇ ಹೆದರಿಕೆ. ಹೇಳಿದರೆ ಅಂಗಡಿ ಹೋಗುತ್ತದೆ, ಈ ಜನ ಕಲ್ಲು ಹೊಡೆಯುತ್ತಾರೆ. ಹೇಳದಿದ್ದರೆ ಆ ಕೂಸು.

"ಸ್ವಾಮಿ" ಎಂದೆ. "ನಿನ್ನೆ ನಮ್ಮ ಅಂಗಡೀಲಿ ಇಲಿ ಸತ್ತಿತ್ತು. ನಾನೇ ಒಲೆಗೆ ಹಾಕ್ದೆ."

ಸಾಲಿನಲ್ಲಿ ನಿಂತವರು ಒಮ್ಮೆಲೇ ಹಿಂದೆ ಸರಿದರು. ಗಂಡ ನನ್ನ ರಟ್ಟೆ ಹಿಡಿದು ಜಗ್ಗಿದ. ಉಜ್ಜಿನಪ್ಪನ ನಗು ಇಳಿಯಿತು.

"ಒಂದ?"

"ನಮ್ಮದು ಒಂದು. ಓಣಿಯ ಎಲ್ಲಾ ಮನೆ ಅಟ್ಟಾನೂ ನೋಡ್ಸಿ, ಸ್ವಾಮಿ. ಇವತ್ತೇ ನೋಡ್ಸಿ."

ಬೊಮ್ಮಕ್ಕನ ಹೆಸರು ಹೇಳಲಿಲ್ಲ. ಅವನು ಕೈ ಚಾಚಿ ಚೀಟಿಯನ್ನು ಹಿಂದಕ್ಕೆ ಇಸಿದುಕೊಂಡ.

ಮಧ್ಯಾಹ್ನದೊಳಗೆ ಹಾರೆ, ಸುಣ್ಣದ ಬುಟ್ಟಿ ಹಿಡಿದು ಆಳುಗಳು ಬಂದರು. ಸೂರು ಬಿಚ್ಚಿದರು, ಒಲೆ ಒಡೆದರು, ಅಕ್ಕಿ ಸುಟ್ಟರು. ಓಣಿಗೆ ಓಣಿಯೇ ಗಂಟುಮೂಟೆ ಕಟ್ಟಿ ಬಯಲಿಗೆ ಹೊರಟಿತು. ಗಾಡಿಯಲ್ಲಿ ಸೊಸೆಯನ್ನೂ ಕೂಸನ್ನೂ ಕಂಬಳಿಯಲ್ಲಿ ಸುತ್ತಿ ಕೂರಿಸಿಕೊಂಡ ಬೊಮ್ಮಕ್ಕ ನನ್ನನ್ನು ಕಂಡು ಉಗಿದಳು. "ಇಲಿ ಸಾಕಿದಾಕಿ! ನನ್ನ ಕೂಸಿಗೇನರ ಆದರ ನಿನ್ನ ಹುಗೀತೀನಿ." ಅವಳು ಹೇಳಿದ್ದು ಸುಳ್ಳೂ ಅಲ್ಲ.

ನಮ್ಮ ಗುಡಿಸಲನ್ನು ಎಲ್ಲರಿಂದ ದೂರ ಹಾಕಿಸಿದರು. ಖಾಲಿಯಾದ ಓಣಿಯಲ್ಲಿ ಇಲಿಗಳು ಮೊರಗಟ್ಟಲೆ ಬಿದ್ದಿವೆ ಎಂದು ಜವಾನರು ಮಾತಾಡಿಕೊಂಡರು. ಯಾರ ಗುಡಿಸಲ ಹತ್ತಿರವೂ ಹೋಗಿ ಕೇಳುವ ಹಾಗಿಲ್ಲ, ಹೋದರೆ ಕಲ್ಲು. ಬಯಲ ಗಾಳಿ ಅಷ್ಟೂ ದಿನ ಬೀಸಿತು. ದಿನವೂ ಬೆಳಕು ಹರಿಯುವ ಮುಂಚೆ ಎದ್ದು, ಬೊಮ್ಮಕ್ಕನ ಗುಡಿಸಲ ಕಡೆಗೆ ಕಿವಿಯಿಟ್ಟು ಕೂರುತ್ತಿದ್ದೆ. ಗಾಳಿಯಲ್ಲಿ ಕೂಸಿನ ಅಳು ಕೇಳಿದರೆ ಆ ದಿನದ ಗಂಜಿ ಗಂಟಲಲ್ಲಿ ಇಳಿಯುತ್ತಿತ್ತು. ಎಂಟನೆಯ ದಿನ ಬಿಸಿಲು ಏರಿದರೂ ಅಳು ಕೇಳಲಿಲ್ಲ.

ಕಲ್ಲು ಬಿದ್ದರೆ ಬೀಳಲಿ ಎಂದು ಎದ್ದು ನಡೆದೆ. ಬೊಮ್ಮಕ್ಕ ಗುಡಿಸಲ ಮುಂದೆಯೇ ಕೂತಿದ್ದಳು. ನನ್ನನ್ನು ಕಂಡವಳೇ ಕಲ್ಲಿಗೆ ಕೈ ಹಾಕಿದಳು.

"ಅಲ್ಲೇ ನಿಂದ್ರು" ಎಂದಳು. ಆಮೇಲೆ ನನ್ನ ಮುಖದಲ್ಲಿ ಏನು ಕಂಡಳೋ, ಕಲ್ಲು ಕೈಯಲ್ಲೇ ಉಳಿಯಿತು. ಧ್ವನಿ ತಗ್ಗಿಸಿ ಹೇಳಿದಳು. "ಸಪ್ಪಳ ಮಾಡಬ್ಯಾಡ. ಈಗರ ಹಾಲು ಕುಡದು ಮಕ್ಕೊಂಡೈತಿ."