ಹಳೆಗಾದಿ ಡಾಟ್ ಇನ್

ನಾನು ಒಂದು ಹೆಸರು. ಅಂತರ್ಜಾಲದಲ್ಲಿ ಒಂದು ಅಂಗಡಿಯ ವಿಳಾಸ. ನನಗೆ ಕೈಯಿಲ್ಲ, ಬಾಯಿಲ್ಲ, ತೂಕವಂತೂ ಇಲ್ಲವೇ ಇಲ್ಲ. ಗದಗಿನ ಗಾದಿ ಅಂಗಡಿಯೊಂದರಲ್ಲಿ, ಅರಳೆಯ ಧೂಳು ಬಿಸಿಲಿನಲ್ಲಿ ತೇಲುತ್ತಿದ್ದ ಒಂದು ಮಧ್ಯಾಹ್ನ ಹುಟ್ಟಿದೆ.

ಸ್ಪಂಜಿನ ಗಾದಿಗಳು ಬಂದ ಮೇಲೆ ಆ ಅಂಗಡಿಯ ಮೆಟ್ಟಿಲು ಹತ್ತುವವರೇ ಇರಲಿಲ್ಲ. ವಿಳಾಸ ಮಾಡಿದರೆ ತಮ್ಮ ತಂದೆಯ ಹೆಸರಿನಲ್ಲೇ ಮಾಡಬೇಕೆಂದು ಯಜಮಾನ ಇಮಾಮಸಾಬ ನದಾಫರ ಆಸೆ. ಸೊಸೆ ಶಾಹೀನಾ ಮಾತ್ರ ಕೆಲವು ದಿನ ಸುಮ್ಮನೆ ಕೂತು, ಫೋನಿನಲ್ಲಿ ಮಂದಿ ಏನು ಕೇಳುತ್ತಾರೆಂದು ಆಲಿಸಿದಳು. ಬಹಳ ಮಂದಿಯದು ಒಂದೇ ಪ್ರಶ್ನೆ: "ಹಳೆ ಗಾದಿ ಹಿಂಜಿ ಕೊಡ್ತೀರೇನ್ರೀ?"

ನನ್ನನ್ನು ಬರೆದು ತೋರಿಸಿದಾಗ ಇಮಾಮಸಾಬರು ಸಿಡುಕಿದರು. "ಹೊಸಾ ಗಾದಿ ಮಾರೋ ಅಂಗಡಿಗೆ ಹಳೆ ಗಾದಿ ಅಂತ ಹೆಸರೇನವಾ? ಮಂದಿ ನಗ್ತಾರ!"

"ಅಜ್ಜಾರ ಹೆಸರು ಗೊತ್ತಿದ್ದವರು ಸೀದಾ ಅಂಗಡಿಗೇ ಬರ್ತಾರ, ಮಾವಾ. ಗೊತ್ತಿಲ್ಲದವರು ಏನಂತ ಹುಡುಕಬೇಕು?"

ಅವರು ಚಷ್ಮಾ ಏರಿಸಿ ನನ್ನನ್ನು ಇನ್ನೊಮ್ಮೆ ಓದಿ, ತಲೆಯಾಡಿಸಿದರು. ಹೀಗೆ ನನಗೆ ಜಾಗ ಸಿಕ್ಕಿತು.

ಜನ ಹುಡುಕಿಕೊಂಡು ಬಂದರು. ಒಬ್ಬಾಕೆ ತವರಿನ ಗಾದಿ ತಂದು, "ಅರಳಿ ಬದಲಿ ಮಾಡಬ್ಯಾಡ್ರೀ, ಇದನ್ನ ಹಿಂಜ್ರಿ. ನಮ್ಮವ್ವ ಹೊಲದಾಗ ಬಿಡಿಸಿದ್ದು" ಎಂದಳು. ಇಮಾಮಸಾಬರು ಯಂತ್ರ ನಿಲ್ಲಿಸಿ, ಗೋಡೆಗೆ ತೂಗುಹಾಕಿದ್ದ, ತಂದೆ ಅರಳೆ ಹಿಂಜುತ್ತಿದ್ದ ಬಿಲ್ಲನ್ನು ಇಳಿಸಿದರು. ಅದರ ಹೆದೆಯ ಸದ್ದು ಬೀದಿಯವರೆಗೂ ಕೇಳಿಸಿತು. ಆ ಸಂಜೆ ಚಹಾ ಕುಡಿಯುತ್ತ ಸೊಸೆಗೆ ಹೇಳಿದರು: "ನಿನ್ನ ಹಳೆ ಗಾದಿ ಅಡ್ಡಿಯಿಲ್ಲವಾ. ಈ ಹೆಸರಿಗೆ ವರ್ಷಾ ವರ್ಷಾ ರೊಕ್ಕ ಕಟ್ಟೋದಕ್ಕ ನನ್ನ ನಂಬರ್ ಕೊಡು. ನಾನಽ ಕಟ್ತೀನಿ."

ಅವರು ತೀರಿಕೊಂಡಾಗ ಆ ಫೋನನ್ನು ಚಷ್ಮಾದ ಜೊತೆ ಟ್ರಂಕಿನಲ್ಲಿಟ್ಟರು. ನನ್ನ ಅವಧಿ ಮುಗಿಯುತ್ತಿದೆ ಎಂಬ ಸಂದೇಶ ಬಂದದ್ದು ಅದೇ ಫೋನಿಗೆ. ಟ್ರಂಕಿನ ಕತ್ತಲಲ್ಲಿ ಅದು ಮಿನುಗಿತು, ಆರಿತು. ಆ ಟ್ರಂಕು ತೆರೆಯಲು ಅವರ ಹೆಂಡತಿಗೆ ಮನಸ್ಸು ಬರಲಿಲ್ಲ. ರೊಕ್ಕ ಕಟ್ಟಲು ಆ ಫೋನಿಗೆ ಬರುವ ಓಟಿಪಿ ಬೇಕೆಂದು ಗೊತ್ತಿದ್ದರೂ, ತೆರೆಯಿರಿ ಎನ್ನಲು ಶಾಹೀನಾಳಿಗೂ ಬಾಯಿ ಬರಲಿಲ್ಲ.

ರೊಕ್ಕ ಕಟ್ಟದೆ ಅವಧಿ ಮುಗಿದಾಗ, ಸ್ಪಂಜಿನ ಗಾದಿ ಮಾರುವವನೊಬ್ಬ ನನ್ನನ್ನು ಕೊಂಡ. ಮಂದಿ ಹುಡುಕುವ ಮಾತೇ ನಾನಲ್ಲವೇ? ಈಗ ನನ್ನ ಬಾಗಿಲಲ್ಲಿ ಹೀಗೆ ಬರೆದಿದೆ: 'ಹಳೆ ಗಾದಿ ಎಸೆಯಿರಿ, ಹೊಸದು ಒಯ್ಯಿರಿ.'

ಒಂದು ದಿನ ಶಾಹೀನಾ ತನ್ನ ಫೋನಿನಲ್ಲಿ ನನ್ನಲ್ಲಿಗೆ ಬಂದಳು. ಬಹಳ ಹೊತ್ತು ನೋಡಿ, ಹೊರಟುಹೋದಳು. ಆಮೇಲೆ ಅಂಗಡಿಯ ಶಟರಿನ ಮೇಲೆ, ಅಜ್ಜನ ಹೆಸರಿನ ಕೆಳಗೆ, ಬಣ್ಣದಲ್ಲಿ ಬರೆಸಿದಳು: 'ಹಳೆ ಗಾದಿ ಹಿಂಜಿ ಕೊಡುತ್ತೇವೆ.' ಅಂತರ್ಜಾಲದ ನಕ್ಷೆಯಲ್ಲಿ ಅದರ ಫೋಟೊ ಕಂಡೆ.

ಈಗಲೂ ಆಗಾಗ ಯಾರೋ ನನ್ನಲ್ಲಿಗೆ ಬಂದು ಆ ಹಳೆಯ ಪ್ರಶ್ನೆಯನ್ನೇ ಬರೆದು, ಕಾದು, ಹೋಗುತ್ತಾರೆ. ಎಲ್ಲಿಗೆ ಹೋಗಬೇಕೆಂದು ನನಗೆ ಗೊತ್ತು. ಬಾಯಿಲ್ಲ.