ಅಮಾವಾಸ್ಯೆಯ ಕ್ಯಾನು

ಗುಡಿಯ ಕಟ್ಟೆಯ ಮೇಲೆ ಹಾಲಿನ ಕ್ಯಾನು ಬಾಯಿ ತೆರೆದುಕೊಂಡು ಕೂತಿತ್ತು. ಅದರ ಕೊರಳಿಗೆ ಚೆಂಡುಹೂವಿನ ಹಾರ. ಹೊತ್ತು ಏರಿದರೂ ಒಬ್ಬಳೂ ಹಾಲು ತಂದಿರಲಿಲ್ಲ. ಎದುರು ಮನೆಯ ಬಾಗಿಲಲ್ಲಿ ಮಜ್ಜಿಗೆ ಕಡೆಯುತ್ತಿದ್ದ ಯಮನಮ್ಮನಿಗೆ ಹೊಟ್ಟೆ ತಣ್ಣಗಾಯಿತು.

ಗುರುಗುಂಟಾದ ಈ ಓಣಿಯಲ್ಲಿ ಎಮ್ಮೆ ಈದರೂ, ಕರು ಮೊಲೆ ಬಿಟ್ಟರೂ ಹೆಂಗಸರು ಓಡಿ ಬರುತ್ತಿದ್ದದ್ದು ಯಮನಮ್ಮನ ಹತ್ತಿರ. ಮೊನ್ನೆ ಬೇಸಿಗೆಯಲ್ಲಿ ಗೊರೇಬಾಳದಿಂದ ಅತ್ತೆಯಿಲ್ಲದ ಮನೆಗೆ ಸೊಸೆಯಾಗಿ ಬಂದ ಮಹೇಶ್ವರಿ ಮನೆಮನೆ ಹತ್ತಿಳಿದು, ಹಾಲಿನ ಸಂಘ ಕಟ್ಟೋಣ ಎಂದಳು ನೋಡಿ, ಎಲ್ಲರ ಬಾಯಲ್ಲೂ ಅವಳದೇ ಹೆಸರು. ಯಮನಮ್ಮನ ಸ್ವಂತ ನೆಗೆಣ್ಣಿ, ಮೈದುನನ ಹೆಂಡತಿಯೇ ಮೊದಲ ಸದಸ್ಯೆ! ಅವತ್ತಿನಿಂದ ಯಮನಮ್ಮನಿಗೆ ತಿಂದ ರೊಟ್ಟಿ ಮೈಗೆ ಹತ್ತಿರಲಿಲ್ಲ.

ಹೋದ ವಾರ ಮಹೇಶ್ವರಿ ಬಂದು ಕೇಳಿದ್ದಳು. "ಅತ್ತಿ, ಲಿಂಗಸುಗೂರಿನಿಂದ ಡೇರಿ ಸಾಹೇಬ್ರು ಬರತಾರ್ರಿ. ಮೊದಲನೇ ದಿನ ಕ್ಯಾನ ತುಂಬಿದ್ರ ಸಂಘ, ಇಲ್ಲಂದ್ರ ಇಲ್ಲ ಅಂದಾರ. ಅಮಾಸಿ ದಿನ ಇಡ್ಲೇನ್ರಿ? ಛಲೋ ದಿನ ಅಲ್ಲೇನ್ರಿ?"

"ಅಮಾಸಿಗಿಂತ ಛಲೋ ದಿನ ಯಾವ್ದೈತಿ? ಇಡವಾ."

ಸುಳ್ಳೇನೂ ಅಲ್ಲ. ಹೊಸ ಕೆಲಸಕ್ಕೆ ಈ ಕಡೆ ಅಮಾವಾಸ್ಯೆ ಒಳ್ಳೆಯದೇ. ಆದರೆ ಅವತ್ತು ಈ ಓಣಿಯವರು ತೊಟ್ಟು ಹಾಲೂ ಮಾರುವುದಿಲ್ಲ. ಮಜ್ಜಿಗೆ ಮಾಡಿ ಕೇಳಿದವರಿಗೆಲ್ಲ ಪುಕ್ಕಟೆ ಹೊಯ್ಯುತ್ತಾರೆ; ಮೊದಲ ಚರಿಗೆ ಮಾತ್ರ ಎಲ್ಲರಿಗೂ ಯಮನಮ್ಮನ ಮನೆಯದೇ. ಕಾಲುವೆ ಸೀಮೆಯಲ್ಲಿ ಪ್ಯಾಕೆಟ್ ಹಾಲು ಕುಡಿದು ಬೆಳೆದವಳಿಗೆ ಅದೇನು ಗೊತ್ತು? ಉಳಿದ ಹೆಂಗಸರೋ, ಯಮನಮ್ಮನೇ ಹೂಂ ಅಂದಿದ್ದಾಳೆಂದರೆ ಅವತ್ತು ಬರೀ ಪೂಜೆ ಇರಬೇಕು ಅಂದುಕೊಂಡರು.

ಕಟ್ಟೆಯ ಮುಂದೆ ಬೈಕು ಬಂದು ನಿಂತಿತು. ಡೇರಿಯ ರಫೀಕ್ ಕ್ಯಾನಿನೊಳಗೆ ಇಣುಕಿದ. "ಏನವಾ, ಹಾಲ ಇಲ್ಲಲ್ಲ?"

ಕ್ಯಾನಿನ ಬಳಿ ಕಾಯುತ್ತಿದ್ದ ಮಹೇಶ್ವರಿ ಮನೆಗೆ ಓಡಿದಳು. ತನ್ನ ಎಮ್ಮೆಯ ಹಾಲನ್ನಷ್ಟೂ ತಂದು ಕ್ಯಾನಿಗೆ ಸುರುವಿದಳು. ತಳ ಮುಚ್ಚುವಷ್ಟಾಯಿತು. ಆಮೇಲೆ ಅದರ ಪಕ್ಕದಲ್ಲೇ ನಿಂತಳು. ಅಳಲಿಲ್ಲ. ಅತ್ತಿದ್ದರೆ ಯಮನಮ್ಮನಿಗೆ ಇನ್ನಷ್ಟು ಸಮಾಧಾನವಾಗುತ್ತಿತ್ತು.

ಮಜ್ಜಿಗೆಗೆಂದು ಯಮನಮ್ಮನ ಮನೆಗೆ ಹೊರಟಿದ್ದ ಹೆಂಗಸರು ಚರಿಗೆ ಹಿಡಿದು ನಡುದಾರಿಯಲ್ಲೇ ನಿಂತರು. ಇವತ್ತೇ ಕ್ಯಾನು ತುಂಬಬೇಕಿತ್ತು ಎಂದು ತಿಳಿದದ್ದೇ ತಡ, ನೆಗೆಣ್ಣಿ ರಫೀಕನ ಮುಂದೆ ಹೋದಳು.

"ಇವತ್ತ ಅಮಾಸಿ, ನಾವು ಹಾಲ ಮಾರಂಗಿಲ್ರಿ ಸಾಹೇಬ್ರ. ಪಾಪ, ಈ ಹುಡುಗಿಗೆ ಯಾರೂ ಹೇಳಿಲ್ಲ. ನಾಳಿ ಬರ್ರಿ, ಕ್ಯಾನ ತುಂಬಲಿಲ್ಲಂದ್ರ ನನ್ನ ಕೇಳ್ರಿ."

ರಫೀಕ್ ನಕ್ಕು ತಲೆಯಾಡಿಸಿದ. ಹೆಂಗಸರೆಲ್ಲ ಮಹೇಶ್ವರಿಯನ್ನು ನಡುವೆ ಕೂರಿಸಿಕೊಂಡು ಕಟ್ಟೆಯ ಮೇಲೇ ಕೂತುಬಿಟ್ಟರು. ಮಜ್ಜಿಗೆಯ ನೆನಪು ಒಬ್ಬಳಿಗೂ ಇರಲಿಲ್ಲ.

ಯಮನಮ್ಮನ ಗಡಿಗೆ ತುಂಬಿದ್ದು ತುಂಬಿದಂತೆಯೇ ಇತ್ತು. ಇಷ್ಟು ವರ್ಷದಲ್ಲಿ ಅಮಾವಾಸ್ಯೆಯ ಮಜ್ಜಿಗೆ ಈ ಮನೆಯಲ್ಲಿ ಉಳಿದದ್ದೇ ಇಲ್ಲ. ಹೊಟ್ಟೆ ಈಗ ಉರಿಯಿತು ಅಂದರೆ ಉರಿಯಿತು.

ಮಧ್ಯಾಹ್ನ ಹೊಸ್ತಿಲ ಮೇಲೆ ನೆರಳು ಬಿತ್ತು. ಮಹೇಶ್ವರಿ ಖಾಲಿ ಚರಿಗೆ ಹಿಡಿದು ನಿಂತಿದ್ದಳು.

"ಒಂಚೂರು ಮಜ್ಜಿಗಿ ಹಾಕ್ರಿ ಅತ್ತಿ. ನಮ್ಮ ಮನ್ಯಾಗಿನ ಹಾಲೆಲ್ಲ ಕ್ಯಾನಿಗೆ ಹಾಕಿದ್ನಲ್ರಿ." ಚರಿಗೆ ಮುಂದೆ ಹಿಡಿದು ಅಂದಳು, "ಅಮಾಸಿಗೆ ನೀವು ಓಣಿಗೆಲ್ಲ ಮಜ್ಜಿಗಿ ಹಾಕ್ತೀರಂತಲ್ರಿ. ಇವತ್ತ ಗೊತ್ತಾತು."

ಯಮನಮ್ಮ ತಲೆ ಎತ್ತಲಿಲ್ಲ. ಗಡಿಗೆ ಬಗ್ಗಿಸಿದಳು. ಚರಿಗೆ ತುಂಬಿತು.

"ಸಾಕ್ರಿ ಅತ್ತಿ," ಎಂದಳು ಮಹೇಶ್ವರಿ.

ಯಮನಮ್ಮ ಹೊಯ್ಯುತ್ತಲೇ ಇದ್ದಳು.